ಕ್ಯಾಸೆಟ್ಟಿನ ಬೈವಲೆ ಎನಗೆ ಮನಸ್ಸಿಲ್ಲೆ

ತೊಂಬತ್ತರ ದಶಕದ ಕ್ಯಾಸೆಟ್ಟುಗೊ ಯಕ್ಷಗಾನವ ಹಾಳು ಮಾಡಿತ್ತು ಹೇಳ್ತ ಮಾತು ಈಗೀಗ ಸುಮಾರು ಕಡೆ ಕೇಳ್ತು. ಜೆಂಬ್ರದ ಮನೆಲಿ ಊಟ ಕಳುದು ಎಲೆ ತಿಂಬಲೆ ಕೂದ ಭಾವಂದ್ರು ಹೇಳುದು ಇದನ್ನೇ. ಕ್ಯಾಸೆಟ್ಟು ಬಂದ ಮತ್ತೆ ಆಟ ನೋಡುವವು ಕಮ್ಮಿ ಆದವಡ, ಪದ ಒಂದು ಕೇಳಿರೆ ಸಾಕು ಹೇಳಿ ಆತಡ, ಇರುಳಿಡೀ ಕೂದು ನೋಡುವ ತಾಳ್ಮೆ ಜೆನಂಗೊಕ್ಕೆ ಹೋತಡ. ಹೇಳುವವು ತಿಳುದವೇ. ಅವರ ಮಾತಿಲ್ಲಿ ಹುರುಳಿಲ್ಲೆ ಹೇಳಿ ಆನು ಹೇಳ್ತಿಲ್ಲೆ. ಆದರೆ ಒಂದು ಕೇಳ್ತೆ ಅಕ್ಕಂದ್ರೆ, ಇರುಳಿಡೀ ಕೂದು ಆಟ ನೋಡಿಕ್ಕಿ, ಉದಿಯಪ್ಪಗ ಮನಗೆ ಬಂದು ಕಾಪಿ ಕುಡುದು, ಮಧ್ಯಾಹ್ನದ ಒರೆಂಗೆ ಒರಗಿದವು ಆರು? ಅವ್ವೇ ಅಲ್ಲದೊ? ಆ ಕಾಪಿ ಮಾಡಿದ್ದಾರು?

ಎಂಗೊ ಹೆಮ್ಮಕ್ಕೊ ಆಟಕ್ಕೆ ಹೋಯಿದೇ ಇಲ್ಲೆ ಹೇಳಿ ಅಲ್ಲ. ಊರಿಲ್ಲಿ ಕಟೀಲು ಮೇಳದ ಹರಕೆ ಆಟ ಇದ್ದರೆ ಮನೆಮಂದಿ ಪೂರಾ ಹೋಕು. ಚಾಪೆ, ಹೊದಕ್ಕೆ, ಮಕ್ಕೊಗೆ ಒಂದು ಕರಡಿಗೆಲಿ ಚಕ್ಕುಲಿ. ಸುರುವಿಂಗೆ ಬಾಲಗೋಪಾಲರು ಕೊಣಿವಗ ಮಕ್ಕೊ ಕಣ್ಣು ಬಿಟ್ಟುಗೊಂಡು ನೋಡುಗು. ಪ್ರಸಂಗ ಕಾವೇರುವ ಹೊತ್ತಿಂಗೆ ಒಬ್ಬಂಗೆ ಒರಕ್ಕು, ಒಬ್ಬಂಗೆ ಒಂದಕ್ಕೆ, ದೊಂದಿ ಹಿಡ್ಕೊಂಡು ಬಪ್ಪ ಮಹಿಷಾಸುರನ ಕಂಡು ಮತ್ತೊಬ್ಬ° ಕೂಗುಲೆ ಸುರು. ಹೊತ್ತೊತ್ತಿಂಗೆ ಹಟ್ಟಿಯ ನೆಂಪು ಬೇರೆ. ಐದು ಗಂಟಗೆ ದನ ಕರೆಯದ್ದರೆ ಸೊಸೈಟಿಗೆ ಹಾಲು ಹೋಗ. ಹಾಂಗಾಗಿ ಎರಡು ಗಂಟಗೆ ಎದ್ದು ಗೆದ್ದೆ ಹುಣಿಲಿ ಟಾರ್ಚು ಹಿಡ್ಕೊಂಡು ವಾಪಾಸು. ಎನಗೆ ಮದುವೆ ಆಗಿ ಏಳು ವರ್ಷ ಆದರೂ ದೇವಿಮಹಾತ್ಮೆಲಿ ರಕ್ತಬೀಜ ಸಾವದರ ಆನು ನೋಡಿತ್ತಿದ್ದಿಲ್ಲೆ. ಮನೆಲಿ ಮನುಗಿಗೊಂಡು ದೂರಂದ ಚೆಂಡೆ ಪೆಟ್ಟು ಕೇಳಿದ್ದು ಎಷ್ಟೋ ಸರ್ತಿ. ಗಾಳಿ ಆಚಿಂಗೆ ತಿರುಗಿರೆ ಅದೂ ಇಲ್ಲೆ. ಇನ್ನು ಸುರತ್ಕಲ್ಲು ಮೇಳ, ಕರ್ನಾಟಕ ಮೇಳದ ಟೆಂಟಿನ ಆಟ ಹೇಳಿರೆ ಟಿಕೇಟು ತೆಗೇಕು, ಪೇಟಗೆ ಹೋಯೆಕ್ಕು, ಒಟ್ಟಿಂಗೆ ಗೆಂಡುಮಕ್ಕೊ ಆರಾರು ಬೇಕು.

ಕ್ಯಾಸೆಟ್ಟು ಬಂದದು ಈ ಸಂಸಾರದ ಎಡಕ್ಕಿಲಿ.

ಎಂಗಳ ಮನಗೆ ಟೇಪ್‌ರೆಕಾರ್ಡರು ಬಂದದು 1993ರಲ್ಲಿ. ನೆರೆಕರೆಯ ಒಬ್ಬ° ಗಲ್ಫಿಂದ ತಂದದರ ಮಾವ° ಕ್ರಯಕ್ಕೆ ತೆಕ್ಕೊಂಡವು. ಅದಕ್ಕೆ ಚಾವಡಿಲಿ ಒಂದು ಮೇಜು, ಮೇಗಂದ ಕಸೂತಿ ಹಾಕಿದ ಒಸ್ತ್ರ. ಸುರುವಿಂಗೆ ಅದು ಗೆಂಡುಮಕ್ಕಳ ಒಸ್ತು. ಇರುಳು ಉಂಡಿಕ್ಕಿ ಮಾವ° ಕುರ್ಶಿಲಿ ಕೂದು ಕೇಳುಗು, ಎಂಗೊ ಪಾತ್ರ ತೊಳವ ಶಬ್ದಲ್ಲಿ ಅರ್ಧ ಕೇಳುಗು, ಅರ್ಧ ಇಲ್ಲೆ. ಮತ್ತೊಂದು ದಿನ ಮಾವನೂ ಎಂಗಳ ಮನೆಯವೂ ತೋಟಕ್ಕೆ ಹೋದ ಸಮಯಲ್ಲಿ ಅತ್ತೆ ಮೆಲ್ಲಂಗೆ "ಅದರ ಒಂದರಿ ಒತ್ತು ನೋಡುವೊ°" ಹೇಳಿದವು. ಒತ್ತಿದೆ. ಅಲ್ಲಿಂದ ಮತ್ತೆ ಪ್ರತಿದಿನ ಹತ್ತು ಗಂಟಗೆ ಆ ಡಬ್ಬಿ ಅಡಿಗೆಕೋಣೆ ಬಾಗಿಲಿಂಗೆ ಬಕ್ಕು, ಹನ್ನೆರಡೂವರೆಗೆ ಪುನಾ ಚಾವಡಿಗೆ ಹೋಕು. ಒಸ್ತ್ರ ಮದಲಾಣ ಹಾಂಗೆಯೇ ಮುಚ್ಚುಲೆ ಅತ್ತೆ ಬಾರೀ ಜಾಗ್ರತೆ.

ಈಗಾಣ ಮಕ್ಕೊಗೆ ಅದರ ಕಷ್ಟ ಗೊಂತಿಲ್ಲೆ. ಬೇಸಗೆಲಿ ಎಲ್ಲಾ ತೋಟಲ್ಲಿಯೂ ಪಂಪು ಹಾಕಿರೆ ಓಲ್ಟೇಜು ಇಲ್ಲೆ, ಭಾಗವತರ ಸ್ವರ ಬಚ್ಚಿದ ಎತ್ತಿನ ಹಾಂಗೆ ಎಳಗು. ಮಳೆಗಾಲಲ್ಲಿ ಕರೆಂಟೇ ಇಲ್ಲೆ. ಸೆಲ್ಲು ಹಾಕಿರೆ ಅದು ನಾಲ್ಕು ದಿನಕ್ಕೆ ಮುಗಿಗು, ಬೆಶಿಲಿಂಗೆ ಮಡಗಿರೆ ಮತ್ತೂ ಅರ್ಧ ಗಂಟೆ ಹಾಡುಗು, ಆದರೆ ಆಟಿ ತಿಂಗಳಿಲ್ಲಿ ಬೆಶಿಲೆಲ್ಲಿಂದ? ರೀಲು ಒಳ ಸಿಕ್ಕಿರೆ ಮೆಲ್ಲಂಗೆ ಎಳದು ಪೆನ್ಸಿಲು ಹಾಕಿ ತಿರುಗುಸೆಕ್ಕು. ಬೂಸುರು ಹಿಡಿವಲಾಗ ಹೇಳಿ ಅತ್ತೆ ಕ್ಯಾಸೆಟ್ಟುಗಳ ಹಪ್ಪಳದ ಡಬ್ಬಿಯ ಹತ್ತರೆ, ಒಲೆಯ ಮೇಗಾಣ ಅಟ್ಟಲ್ಲಿ ಮಡುಗುಗು. ಎಂಗಳ ಮನೆ ಕ್ಯಾಸೆಟ್ಟುಗೊಕ್ಕೆ ಇಂದಿಂಗೂ ಹೊಗೆಯ ಪರಿಮ್ಮಳ ಇದ್ದು.

ಇಲ್ಲಿ ಒಂದು ಮಾತು ಭಾವಂದ್ರ ಪರವಾಗಿ ಹೇಳೆಕ್ಕು. ತೊಂಬತ್ತು ನಿಮಿಷದ ಕ್ಯಾಸೆಟ್ಟು ಹೇಳಿರೆ ಒಂದು ಹೊಡೆಲಿ 45 ನಿಮಿಷ. ಇರುಳಿಡೀ ನಡವ ಪ್ರಸಂಗವ ಅದಕ್ಕೆ ತುಂಬುಸುಲೆ ಹೆರಟರೆ ಎಂತಾರೂ ಕತ್ತರುಸಲೇ ಬೇಕು. ಅರ್ಥ ಕಮ್ಮಿ ಆತು, ಹಾಸ್ಯ ಹೋತು, ಜೆನಕ್ಕೆ ಬೇಕಾದ ಪದಂಗೊ ಮಾಂತ್ರ ಒಳುದತ್ತು. ಕೆಲವು ಸರ್ತಿ ಪದದ ನೆಡುಕೆ "ಟಕ್" ಹೇಳಿ ನಿಂಗು, ಆಚ ಹೊಡೆ ಹಾಕುವ ಒರೆಂಗೆ ಕೃಷ್ಣ° ಬಾಯಿ ತೆಗದೊಂಡೇ ನಿಂದಿಕ್ಕು. ವೇಷ ಕಾಣ, ಕೊಣಿತ ಕಾಣ. ಇದೆಲ್ಲ ನಷ್ಟವೇ. ಆದರೆ ಮದಲೇ ಕೈಲಿ ಇಲ್ಲದ್ದವಕ್ಕೆ ನಷ್ಟ ಎಂತರದ್ದು?

ಎಂಗೊಗೆ ಸಿಕ್ಕಿದ್ದು ಎಂತ ಹೇಳಿರೆ, ತಿರುಗುಸಿ ಕೇಳುವ ಗುಬ್ಬಿ. ರೇಡಿಯೊ ಅಂಬಗಳೇ ಇತ್ತು. ಮಂಗಳೂರು ಆಕಾಶವಾಣಿ ಸುರು ಆದ್ದು 1976ರಲ್ಲಿ, ಯಕ್ಷಗಾನ, ತಾಳಮದ್ದಳೆ ಎಲ್ಲಾ ಅದರಲ್ಲಿ ಬಕ್ಕು. ಆದರೆ ರೇಡಿಯೊ ಅದರ ಹೊತ್ತಿಂಗೆ ಬತ್ತು, ಕ್ಯಾಸೆಟ್ಟು ಎಂಗಳ ಹೊತ್ತಿಂಗೆ. ಹಾಲು ಉಕ್ಕಿತ್ತು ಹೇಳಿ ಓಡಿರೆ ರೇಡಿಯೊದ ಪದ ಹೋತು. ಕ್ಯಾಸೆಟ್ಟಾದರೆ ಬಂದು ಪುನಾ ಹಿಂದೆ ತಿರುಗುಸುಲಕ್ಕು. ಒಂದೇ ಪದವ ಹತ್ತು ಸರ್ತಿ, ಇಪ್ಪತ್ತು ಸರ್ತಿ ಕೇಳಿ ಎಂಗಳ ಕೆಮಿ ಹದ ಆದ್ದು ಹಾಂಗೆ.

ತೆಂಕುತಿಟ್ಟಿಲ್ಲಿ ಬಲಿಪ ಶೈಲಿ, ಅಗರಿ ಶೈಲಿ, ಮಂಡೆಚ್ಚ ಶೈಲಿ ಹೇಳಿ ತಿಳುದವು ಹೇಳ್ತವು. ಎಂಗೊ ಆ ಹೆಸರು ಕಲಿವ ಮದಲೇ ವೆತ್ಯಾಸ ಕಲ್ತಿದೆಯೊ°. ಬಲಿಪ ನಾರಾಯಣ ಭಾಗವತರ ಸ್ವರ ಬಂದರೆ ಎನ್ನ ಅತ್ತೆ ಕೈಲಿಪ್ಪ ಕತ್ತಿಯ ಮೆಟ್ಟುಕತ್ತಿಯ ಮಣೆ ಹತ್ತರೆ ಮಡಗಿ ಕೂರುಗು. ಏರು ಶ್ರುತಿ, ನಯ-ನಾಜೂಕು ಇಲ್ಲೆ, ಹಳೇ ಮಟ್ಟು. ಮೈಕು ಇಲ್ಲದ್ದರೂ ಗೆದ್ದೆಯ ಆಚ ಕರೆಗೆ ಕೇಳುಗು ಹೇಳಿ ಅತ್ತೆಯ ಅಭಿಪ್ರಾಯ. ಮೂಡಬಿದ್ರೆ ಹತ್ರಾಣ ಮಾರೂರಿಲ್ಲಿ ಅವರ ಮನೆ, ಕಟೀಲು ಮೇಳಲ್ಲಿ ಸುಮಾರು ವರ್ಷ ಪದ ಹೇಳಿದವು. ಐದು ದಿನ ಆಡುವ ಹಾಂಗಿಪ್ಪ ದೇವಿಮಹಾತ್ಮೆಯನ್ನೂ ಅವು ಬರದ್ದವು. 2023ರಲ್ಲಿ ತೀರಿಹೋದವು. ಎನಗೆ ಪದ್ಯಾಣ ಗಣಪತಿ ಭಟ್ರ ಪದ ಹೇಳಿರೆ ಜೀವ. ಸುರತ್ಕಲ್ಲು ಮೇಳದ ಭಾಗವತರು, ಸ್ವರ ಇಂಪು, ಒಂದೊಂದು ಅಕ್ಷರವೂ ಬಿಡುಸಿ ಮಡಗಿದ ಹಾಂಗೆ. ಓರಗಿತ್ತಿಗೆ ದಿನೇಶ ಅಮ್ಮಣ್ಣಾಯರು, ಮಂಡೆಚ್ಚರ ಶಿಷ್ಯರು, ರಾಗಲ್ಲಿ ಎಳದು ಹೇಳುವ ಕ್ರಮ. ಅತ್ತೆಗೆ ಅದು ಮೆಚ್ಚಿಗೊಂಡಿತ್ತಿಲ್ಲೆ. "ಇದು ಪದ ಅಲ್ಲ, ಪಾಯಸ" ಹೇಳುಗು. ಹಲಸಿನಕಾಯಿ ಹಪ್ಪಳ ಒತ್ತುವ ದಿನ ಎಂಗೊ ಮೂರು ಜೆನ ಇದೇ ವಿಷಯಲ್ಲಿ ಚರ್ಚೆ ಮಾಡಿ, ಹಪ್ಪಳದ ಲೆಕ್ಕ ತಪ್ಪಿದ್ದೂ ಇದ್ದು. ಎಡಕ್ಕಿಲಿ ಬಡಗಿನ ಕಾಳಿಂಗ ನಾವಡರ ಕ್ಯಾಸೆಟ್ಟೂ ಬಂತು. ಅವು 1990ರಲ್ಲಿ, ಮೂವತ್ತರ ಆಸುಪಾಸಿನ ಪ್ರಾಯಲ್ಲಿ, ರಸ್ತೆ ಅಪಘಾತಲ್ಲಿ ಹೋದವು. ಇಲ್ಯಾಣ ಹೆಮ್ಮಕ್ಕೊ ಅವರ ಕಂಡಿದವಿಲ್ಲೆ, ಸ್ವರ ಕೇಳಿ ಕಣ್ಣೀರು ಹಾಕಿದ್ದವು.

ತಾಳಮದ್ದಳೆ ಕ್ಯಾಸೆಟ್ಟು ಮತ್ತೂ ಕುಶಿ. ಶೇಣಿ ಗೋಪಾಲಕೃಷ್ಣ ಭಟ್ರ ವಾಲಿ ರಾಮನ ಹತ್ತರೆ ಪ್ರಶ್ನೆ ಕೇಳುವಗ ಎಂಗಳ ಅತ್ತೆ ಬೆಂದಿಗೆ ಕೊರದೊಂಡು "ಅಪ್ಪನ್ನೇ, ಅವ° ಕೇಳುದು ಸರಿ ಇದ್ದು. ಮರದ ಹಿಂದೆ ನಿಂದು ಬಿಟ್ಟದು ಎಂತಕೆ?" ಹೇಳಿ ದೊಡ್ಡಕೆ ವಾಲಿಯ ಪಕ್ಷ ಹಿಡಿಗು. ಒಂದು ದಿನ ಮಾವ° ತೋಟಂದ ಬೇಗ ಬಂದವು. ಬಾಗಿಲಿಲ್ಲಿ ನಿಂದು ಕೇಳಿದವು, ನೆಗೆ ಮಾಡಿ, "ನಿನಗೆ ಇದೆಲ್ಲ ಅರ್ಥ ಆವುತ್ತೊ?" ಹೇಳಿದವು. ಕೆಟ್ಟ ಮನಸ್ಸಿಲ್ಲಿ ಹೇಳಿದ್ದಲ್ಲ. ಆದರೆ ಅತ್ತೆ ಎರಡು ದಿನ ಟೇಪು ಒತ್ತಿದವಿಲ್ಲೆ. ಮೂರನೇ ದಿನ ಮಾವನೇ ಡಬ್ಬಿಯ ತಂದು ಅಡಿಗೆಕೋಣೆಲಿ ಮಡಗಿ, "ಇಲ್ಲೇ ಇರಲಿ, ಎನಗೆ ಇರುಳು ಇಲ್ಲಿಂದಲೇ ಕೇಳುಗು" ಹೇಳಿದವು. ಕ್ಯಾಸೆಟ್ಟು ಎಂತ ಮಾಡಿತ್ತು ಹೇಳಿ ಎನ್ನ ಹತ್ತರೆ ಕೇಳಿರೆ ಆನು ಇದರ ಹೇಳುದು. ನಲುವತ್ತು ವರ್ಷ ಸಂಸಾರ ಮಾಡಿದ ಮತ್ತೆ ಗೆಂಡಂಗೆ ಹೆಂಡತ್ತಿಯ ತಲೆಲಿ ಎಂತ ಇದ್ದು ಹೇಳಿ ಒಂದರಿ ಗೊಂತಾತು.

ಸಿನೆಮಾದ ಹೊಡೆಂದಲೂ ಹಳ್ಳಿಪದದ ಗಾಳಿ ಬಂದದು ಅಂಬಗಳೇ. 1996ರಲ್ಲಿ "ಜನುಮದ ಜೋಡಿ" ಬಂತದ, ಅದರ ಸಂಗೀತ ನಮ್ಮ ವಿಟ್ಲದ ವಿ. ಮನೋಹರ್. ಎನ್ನ ಅಪ್ಪನ ಮನೆ ವಿಟ್ಲದ ಹೊಡೆ ಆದ ಕಾರಣ ಎನಗೆ ರಜ ಹೆಚ್ಚೇ ಹೆಮ್ಮೆ. ಬಸ್ಸಿಲ್ಲಿ, ಹೋಟ್ಲಿಲ್ಲಿ, ಜೀಪಿಲ್ಲಿ, ಎಲ್ಲಿ ಹೋದರೂ ಅದೇ. ಚೆಂದ ಇತ್ತು, ಇಲ್ಲೆ ಹೇಳ್ತಿಲ್ಲೆ, ಆದರೆ ಬಯಲುಸೀಮೆಯ ಪದ ಕೇಳಿ ಎಂಗಳ ಮಕ್ಕೊ ಬಾಯಿಪಾಠ ಮಾಡಿದವು, ಅಜ್ಜಿ ಹೇಳುವ ಪದ ಒಂದೂ ಬತ್ತಿಲ್ಲೆ.

ಇನ್ನು ಆನು ಹೇಳ್ಲೆ ಹೆರಟ ಮಾತಿಂಗೆ ಬತ್ತೆ. ಅಟ್ಟಲ್ಲಿ ಎಂಗಳದ್ದು ಐವತ್ತನಾಲ್ಕು ಕ್ಯಾಸೆಟ್ಟು ಇದ್ದು, ಕಳುದ ವಾರ ಇಳುಶಿ ಉದ್ದಿದೆ. ಯಕ್ಷಗಾನ, ತಾಳಮದ್ದಳೆ, ಪುತ್ತೂರು ನರಸಿಂಹ ನಾಯಕರ ದಾಸರ ಪದ, ಅಶ್ವಥರ ಶರೀಫರ ಪದ. ಒಂದೊಂದಾಗಿ ನೋಡುವಗ ಹೆಮ್ಮಕ್ಕಳ ಸ್ವರ ಇಪ್ಪದು ಎರಡೋ ಮೂರೋ. ಅಂಬಗ ಹೆಮ್ಮಕ್ಕೊ ಹಾಡಿಗೊಂಡಿತ್ತವಿಲ್ಲೆಯೊ? ತೆಂಕುತಿಟ್ಟಿಲ್ಲಿ ಲೀಲಾವತಿ ಬೈಪಾಡಿತ್ತಾಯರು ಆ ಕಾಲಲ್ಲಿಯೇ ಮೇಳದ ಒಟ್ಟಿಂಗೆ ತಿರುಗಿ, ಇರುಳಿಡೀ ಜಾಗಟೆ ಹಿಡುದು ಪದ ಹೇಳಿದವು, ಗೆಂಡನ ಹತ್ತರೆಯೇ ಕಲ್ತು. ಅವು ದೊಡ್ಡವು. ಅವರ ಮಾತು ಬಿಡುವೊ°, ಮನೆ ಮನೆಲಿ ಹಾಡಿದ ನಮ್ಮವು ಎಲ್ಲಿ ಹೋದವು? ಬದ್ಧಲ್ಲಿ, ಉಪ್ನಾನಲ್ಲಿ, ಮದುವೆಲಿ, ಸಟ್ಟುಮುಡಿಲಿ, ಬಯಕೆ ಜೆಂಬ್ರಲ್ಲಿ ಹೆಮ್ಮಕ್ಕೊ ಪದ ಹೇಳದ್ದೆ ಆರತಿ ಎತ್ತುವ ಕ್ರಮವೇ ಇತ್ತಿಲ್ಲೆ. ಹಸೆಗೆ ಕರವ ಪದ, ಬೀಗರ ನೆಗೆ ಮಾಡುವ ಪದ, ಕೂಸಿನ ಕಳುಸಿಕೊಡುವಗಾಣ ಪದ, ಎಲ್ಲದಕ್ಕೂ ಬೇರೆ ಬೇರೆ ಮಟ್ಟು. ವಿಟ್ಲದ ಹೊಡೆಲಿ ಹೇಳುವ ಕ್ರಮ ಬೆಳ್ತಂಗಡಿ ಹೊಡೆಲಿ ಇಲ್ಲೆ. ಆನು ಮದುವೆ ಆಗಿ ಬಂದ ದಿನ ಇಲ್ಯಾಣವು ಹೇಳಿದ ಆರತಿ ಪದದ ಎಳತ ಎನಗೆ ಗುರ್ತವೇ ಸಿಕ್ಕಿದ್ದಿಲ್ಲೆ, ಶಬ್ದ ಮಾಂತ್ರ ಒಂದೇ.

ಇದರ ಬಾಯಿ ಮುಚ್ಚುಸಿದ್ದರಲ್ಲಿ ಕ್ಯಾಸೆಟ್ಟಿನ ಪಾಲೂ ಇದ್ದು. ಚಪ್ಪರಲ್ಲಿ ಮೈಕ್ಕದವ° ಉದಿಯಪ್ಪಂದಲೇ ವಾದ್ಯದ ಕ್ಯಾಸೆಟ್ಟು ಹಾಕುಲೆ ಸುರು ಮಾಡಿದ°. ಆ ಶಬ್ದದ ಎದುರು ಮೂರು ಜೆನ ಚಿಕ್ಕಮ್ಮಂದ್ರ ಸ್ವರ ಆರಿಂಗೆ ಕೇಳ್ತು? "ರಜ ಸಣ್ಣಕೆ ಮಾಡು ಮಾಣಿ" ಹೇಳುವವೂ ಇತ್ತಿದ್ದವು, ಹತ್ತು ನಿಮಿಷ ಕಳುದು ಪುನಾ ಅದೇ. ಮೆಲ್ಲಂಗೆ ಪದ ಹೇಳುವವು ಹಿಂದೆ ಹೋದವು. ಮತ್ತೆ "ಪದ ಹೇಳ್ಲೆ ಆರೂ ಇಲ್ಲೆ, ಕ್ಯಾಸೆಟ್ಟೇ ಹಾಕಿ" ಹೇಳಿ ಆತು.

ಆದರೂ ಕ್ಯಾಸೆಟ್ಟಿನ ಬೈವಲೆ ಎನಗೆ ಮನಸ್ಸಿಲ್ಲೆ. ಎಂತಕೆ ಹೇಳಿರೆ ಅದರಲ್ಲಿ ಕೇಳುವ ಗುಬ್ಬಿಯ ಹತ್ತರೆಯೇ ಒಂದು ಕೆಂಪು ಗುಬ್ಬಿಯೂ ಇತ್ತು, ರೆಕಾರ್ಡು ಮಾಡ್ಲೆ. ಖಾಲಿ ಕ್ಯಾಸೆಟ್ಟು ಪೇಟೆಲಿ ಸಿಕ್ಕಿಗೊಂಡಿತ್ತು. ಆ ಗುಬ್ಬಿಯ ಒತ್ತಿ ಅಜ್ಜಿಯ ಎದುರು ಮಡುಗೆಕ್ಕು ಹೇಳಿ ಮನೆಲಿ ಆರಿಂಗೂ ತೋರಿದ್ದಿಲ್ಲೆ. ಅದೇ ಕಾಲಲ್ಲಿ, 1990ರ ದಶಂಬರಲ್ಲಿ, ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಒಟ್ಟಿಂಗೆ ಇದೇ ಬೆಳ್ತಂಗಡಿ ತಾಲೂಕಿಲ್ಲಿ ಕೂದು, ಉಜಿರೆ ಹತ್ರಾಣ ಮಾಚಾರಿನ ಗೋಪಾಲ ನಾಯ್ಕರು ತುಳುವಿಲ್ಲಿ ಹಾಡಿದ ಸಿರಿಯ ಕಥೆಯ ದಿನಗಟ್ಲೆ ರೆಕಾರ್ಡು ಮಾಡಿದವು. 1998ರಲ್ಲಿ ಅದು ಪುಸ್ತಕ ಆತು, 15,683 ಸಾಲು. ಸಿರಿ ಹೇಳಿರೆ ಗೆಂಡನ ಅನ್ಯಾಯಕ್ಕೆ ತಲೆ ತಗ್ಗುಸದ್ದೆ ಮನೆ ಬಿಟ್ಟು ನೆಡದ ಹೆಣ್ಣು, ಅದರ ಕಥೆ ಈಗ ಲೋಕದ ವಿದ್ವಾಂಸರ ಕೈಲಿದ್ದು. ಎಂಗಳ ಗೆದ್ದೆಲಿ ನೇಜಿ ನೆಡ್ಲೆ ಬಂದುಗೊಂಡಿದ್ದ ಹೆಣ್ಣುಗೊ ಪಾಡ್ದನ ಹೇಳಿಗೊಂಡಿತ್ತಿದ್ದವು, ಒಬ್ಬ° ಹೇಳಿದ್ದರ ಉಳುದವು ಎತ್ತಿ ಹೇಳುಗು. ಎಂಗೊ ಜಾಲಿಲ್ಲಿ ನಿಂದು ಕೇಳಿಗೊಂಡಿದ್ದದಷ್ಟೆ. ಗೆದ್ದೆ ಅಡಕ್ಕೆ ತೋಟ ಆತು, ನೇಜಿ ಇಲ್ಲೆ, ಆ ಪದಂಗಳೂ ಇಲ್ಲೆ. ದೂರದ ದೇಶಂದ ಬಂದವಕ್ಕೆ ಬೆಲೆ ಗೊಂತಿತ್ತು.

ಎಂಗಳ ಐವತ್ತನಾಲ್ಕರಲ್ಲಿ ಒಂದರ ಮೇಲೆ ಬರೀ "ಉಪ್ನಾನ" ಹೇಳಿ ಪೆನ್ನಿಲ್ಲಿ ಬರದ್ದು. ಭಾವನ ಮಗನ ಉಪ್ನಾನದ್ದು, 1995. ಮಂತ್ರ ಕೇಳುಲೆ ಆರೋ ಮಡಗಿದ್ದು. ಭಟ್ರ ಮಂತ್ರದ ಎಡಕ್ಕಿಲಿ, ದೂರಂದ, ಮೂಡಬಿದ್ರೆ ಹೊಡೆಯ ಎನ್ನ ದೊಡ್ಡಮ್ಮನ ಸ್ವರ ಇದ್ದು. ನಾಲ್ಕು ನಿಮಿಷ. ಸೌಟು ಬಿದ್ದ ಶಬ್ದ, ಒಂದು ಮಗು ಕೂಗುದು, ಆರೋ "ನೀರು ತನ್ನಿ" ಹೇಳುದು, ಇದರೆಲ್ಲದರ ನೆಡುಕೆ ಆರತಿ ಪದ. ರೆಕಾರ್ಡು ಮಾಡಿದವಂಗೆ ಅದು ಗಲಾಟೆ ಲೆಕ್ಕ ಆದಿಕ್ಕು. ಎನಗೆ ಆ ಕ್ಯಾಸೆಟ್ಟಿಲ್ಲಿ ಬೇಕಾದ್ದು ಅದೊಂದೇ.

ಕೆಲವು ಜೆನ ಸೊಸೆಯಕ್ಕೊ ಹೇಳ್ತವು, ಪದಂಗೊ ಪುಸ್ತಕಲ್ಲಿ ಇದ್ದನ್ನೆ ಅತ್ತೆ, ಯೂಟ್ಯೂಬಿಲ್ಲಿಯೂ ಇದ್ದು ಹೇಳಿ. ಅಪ್ಪು, ಇದ್ದು. ಪುಸ್ತಕಲ್ಲಿ ಶಬ್ದ ಇದ್ದು, ಮಟ್ಟು ಇಲ್ಲೆ. ಯೂಟ್ಯೂಬಿಲ್ಲಿಪ್ಪದು ತಬಲ, ಕೀಬೋರ್ಡು ಹಾಕಿ ಎಲ್ಲಾ ಊರಿಂಗೂ ಒಂದೇ ಅಪ್ಪ ಹಾಂಗೆ ಹಾಡಿದ್ದು. ಅದು ಬೇಡ ಹೇಳ್ತಿಲ್ಲೆ. ನಿನ್ನ ಅಜ್ಜಿ ಎಲ್ಲಿ ಉಸುಲು ತೆಗಗು, ಯಾವ ಅಕ್ಷರವ ಎಳಗು, ಅದು ಅಲ್ಲಿ ಸಿಕ್ಕ°. ಬಲಿಪರ ಪದಕ್ಕೂ ಪದ್ಯಾಣರ ಪದಕ್ಕೂ ವೆತ್ಯಾಸ ಕಂಡುಹಿಡಿವ ಕೆಮಿ ನಮಗಿದ್ದು ಹೇಳಿ ಆದರೆ, ನಮ್ಮ ಅಬ್ಬೆಕ್ಕಳ ಪದಲ್ಲಿಯೂ ಶೈಲಿ ಇದ್ದು ಹೇಳಿ ಒಪ್ಪಿಗೊಂಬಲೆ ಎಂತ ಕಷ್ಟ?

ಹಳೇ ಮನೆ ಕೆಡಗುವವು, ಅಟ್ಟ ಖಾಲಿ ಮಾಡುವವು ದಯಮಾಡಿ ಕ್ಯಾಸೆಟ್ಟುಗಳ ಗುಜರಿಗೆ ಕೊಡೆಡಿ. ಕಂಪೆನಿ ಚಿತ್ರ ಇಲ್ಲದ್ದ, ಕೈಲಿ ಹೆಸರು ಬರದ, ಇಲ್ಲದ್ದರೆ ಎಂತದೂ ಬರೆಯದ್ದ ಕ್ಯಾಸೆಟ್ಟುಗಳ ಸುರುವಿಂಗೆ ತೆಗದು ಮಡುಗಿ. ಯಕ್ಷಗಾನದ್ದು ಇನ್ನೊಬ್ಬರ ಮನೆಲಿಯೂ ಇಕ್ಕು, ಇದು ನಿಂಗಳ ಮನೆಲಿ ಮಾಂತ್ರ. ಬೂಸುರು ಹಿಡುದರೆ ಸೀದಾ ಟೇಪಿಂಗೆ ಹಾಕೆಡಿ, ರೀಲು ತುಂಡಕ್ಕು. ಎಂಗಳದ್ದರ ಎನ್ನ ಮಗ° ಹಳೇ ಟೇಪಿಂದ ಒಂದು ವಯರು ಹಾಕಿ ಕಂಪ್ಯೂಟರಿಂಗೆ ಇಳುಶಿದ°, ತೊಂಬತ್ತು ನಿಮಿಷದ್ದಕ್ಕೆ ತೊಂಬತ್ತು ನಿಮಿಷವೇ ಕಾಯೆಕ್ಕು, ಬೇರೆ ದಾರಿ ಇಲ್ಲೆ. ಹದಿನಾರು ಆಯಿದು. ಮಳೆ ಹಿಡಿವ ಮದಲು ಒಳುದ್ದರ ಮುಗುಶುಲೆ ನೋಡ್ತೆಯೊ°.

ದೊಡ್ಡಮ್ಮಂಗೆ ಈಗ ಎಂಬತ್ತಾರು. ಆ ನಾಲ್ಕು ನಿಮಿಷವ ಮೊಬೈಲಿಲ್ಲಿ ಹಾಕಿ ಅದರ ಕೆಮಿ ಹತ್ತರೆ ಹಿಡುದೆ. ಸುರುವಿಂಗೆ ಗುರ್ತ ಸಿಕ್ಕಿದ್ದಿಲ್ಲೆ, "ಆರದು, ಸ್ವರ ಲಾಯ್ಕಿದ್ದನ್ನೆ" ಹೇಳಿತ್ತು. ನೀನೇ ಹೇಳಿ ಹೇಳಿರೆ ನಂಬಿದ್ದಿಲ್ಲೆ. ಮತ್ತೆ ಮೆಲ್ಲಂಗೆ ಒಟ್ಟಿಂಗೆ ಹೇಳ್ಲೆ ಸುರು ಮಾಡಿತ್ತು, ಕ್ಯಾಸೆಟ್ಟಿಲ್ಲಿ ಸೌಟು ಬಿದ್ದು ಕೇಳದ್ದ ನುಡಿಯನ್ನೂ ಹೇಳಿತ್ತು. ಆನು ಅದರ ಎದುರು ಮೈಕ್ಕ ಹಿಡುದ್ದಿಲ್ಲೆ. ಬೀನ್ಸು ಮುರುಕ್ಕೊಂಡು ಕೂದಿತ್ತಿದ್ದೆಯೊ°, ಮೊಬೈಲು ಮಣೆಯ ಮೇಲೆ ಕವುಂಚಿ ಮಡಗಿತ್ತಿದ್ದೆ, ರೆಕಾರ್ಡು ಅಪ್ಪದರ ಮದಲೇ ಹೇಳಿ ಒಪ್ಪುಸಿದ್ದೆ. ಹನ್ನೊಂದು ಪದ ಸಿಕ್ಕಿತ್ತು. ಹನ್ನೆರಡನೆದು, ಕೂಸಿನ ಕಳುಸಿಕೊಡುವ ಪದ, ಎರಡು ನುಡಿ ಆಗಿ ನಿಂದತ್ತು. "ಇದರ ಮುಂದಾಣದ್ದು ಎನಗೆ ಬತ್ತಿಲ್ಲೆ. ಬಂಟ್ವಾಳಲ್ಲಿಪ್ಪ ನಿನ್ನ ಸಣ್ಣಜ್ಜಿಯ ಮಗಳಿಂಗೆ ಗೊಂತಿದ್ದು, ಅದರ ಹತ್ತರೆ ಕೇಳು, ಬೇಗ ಕೇಳು" ಹೇಳಿತ್ತು. ಬಪ್ಪ ಆಯಿತ್ಯವಾರ ಬಂಟ್ವಾಳಕ್ಕೆ ಹೋವುತ್ತೆ. ಆ ಹೊಡೆಲಿಪ್ಪ ಅಕ್ಕ-ತಂಗೆಕ್ಕೊ ಆರಾರು ಬತ್ತರೆ ಒಂದು ಪೋನು ಮಾಡಿ, ಒಟ್ಟಿಂಗೆ ಹೋಪೊ°.